3,600 ರೂಪಾಯಿಯ ರೀಡು, ಬಿಡಿಸಿಕೊಳ್ಳಲು 3,608

ಸ್ಯಾಕ್ಸೋಫೋನಿನ ಬಾಯಿಗೆ ಹಾಕುವ ರೀಡನ್ನು ಹೊರದೇಶದಿಂದ ತರಿಸಿದ ಕಥೆ ಇದು. ಮೊದಲು ಮಾರ್ಕು ಹೇಳಿಬಿಡುತ್ತೇನೆ. ಜರ್ಮನಿಯ ಆನ್‌ಲೈನ್ ಅಂಗಡಿಗೆ ಐದಕ್ಕೆ ಐದು. ರೀಡಿಗೆ ನಾಲ್ಕು. ಮನೆ ಬಾಗಿಲಿಗೆ ತಂದುಕೊಟ್ಟ ಕೊರಿಯರ್ ಕಂಪನಿಗೆ ಎರಡು, ಅದೂ ಬೇಗ ತಂದರು ಅನ್ನುವ ಒಂದೇ ಕಾರಣಕ್ಕೆ. ನನ್ನ ಬುದ್ಧಿಗೆ ಎಷ್ಟು ಕೊಡಬೇಕು ಅಂತ ನನ್ನ ಹೆಂಡತಿಯನ್ನು ಕೇಳಿ.

ನಾನು ಪುತ್ತೂರಿನ ಹತ್ತಿರದವನು. ಸ್ಯಾಕ್ಸೋಫೋನ್ ನುಡಿಸುತ್ತೇನೆ. ಮದುವೆ, ಗೃಹಪ್ರವೇಶ, ದೇವಸ್ಥಾನದ ಉತ್ಸವ, ಯಾರು ಕರೆದರೂ ಹೋಗುತ್ತೇನೆ. ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿ ಮನಸೋತ ವಾದ್ಯ ಇದು. ಈಗ ನಮ್ಮ ಜಿಲ್ಲೆಯಲ್ಲಿ ಸ್ಯಾಕ್ಸೋಫೋನ್ ಇಲ್ಲದ ಮದುವೆ ಅಂದರೆ ಉಪ್ಪಿಲ್ಲದ ಗಂಜಿ ಅಂತ ಜನ ತಿಳಿಯುತ್ತಾರೆ. ಹಾಗಾಗಿ ನಮ್ಮಂಥವರ ಹೊಟ್ಟೆ ತುಂಬುತ್ತದೆ. ದೀಪಾವಳಿಯಿಂದ, ಮೇ ಕೊನೆಗೆ ಬರುವ ಪತ್ತನಾಜೆವರೆಗೆ ನಮಗೆ ಸೀಸನ್ನು. ಆಮೇಲೆ ಮಳೆ, ಮನೆ, ಮತ್ತು ಸಾಲದ ಲೆಕ್ಕ.

ವಾದ್ಯ ಹಿತ್ತಾಳೆಯದು, ಇಪ್ಪತ್ತು ವರ್ಷ ಬಾಳಿಕೆ ಬರುತ್ತದೆ. ಆದರೆ ಧ್ವನಿ ಹುಟ್ಟುವುದು ಬಾಯಿಗೆ ಇಡುವ ಒಂದು ತೆಳು ಚಕ್ಕೆಯಿಂದ. ಅದೇ ರೀಡು. ನಮ್ಮ ಹೆಬ್ಬೆರಳಿನಷ್ಟು ಉದ್ದ. ಬೆತ್ತದಂಥ ಒಂದು ಹುಲ್ಲಿನ ಕಾಂಡದಿಂದ ಕೆತ್ತಿದ್ದು. ಅದರ ಒಳ್ಳೆಯ ಬೆಳೆ ಫ್ರಾನ್ಸ್ ದೇಶದ ದಕ್ಷಿಣದಲ್ಲಿ, ವಾರ್ ಅನ್ನುವ ಕಡೆ ಬರುತ್ತದೆ. ನಾನು ಹಾಕುವುದು ವ್ಯಾಂಡೊರೆನ್ ಕಂಪನಿಯ ನೀಲಿ ಡಬ್ಬಿಯದು, ಎರಡೂವರೆ ನಂಬರ್. ನಂಬರ್ ಹೆಚ್ಚಿದಷ್ಟು ರೀಡು ಗಟ್ಟಿ. ಡಬ್ಬಿಯಲ್ಲಿ ಹತ್ತು ಇರುತ್ತವೆ. ಮೂರಕ್ಕೆ ಹೋದರೆ ರಾತ್ರಿಯಿಡೀ ಉತ್ಸವದಲ್ಲಿ ಊದುವಾಗ ತುಟಿ ಕೇಳುವುದಿಲ್ಲ. ಎರಡಕ್ಕೆ ಇಳಿದರೆ ಮೇಲಿನ ಸ್ವರ ಕೀರಲಾಗುತ್ತದೆ.

2023ರ ನವರಾತ್ರಿ ಮುಗಿದಾಗ ನನ್ನ ಹತ್ತಿರ ಸರಿಯಾದ ರೀಡು ಎರಡೇ ಇತ್ತು. ಮಂಗಳೂರಿನ ಅಂಗಡಿಯಲ್ಲಿ ಎರಡೂವರೆ ನಂಬರ್ ಖಾಲಿ. ಬೆಂಗಳೂರಿನ ಒಂದು ಅಂಗಡಿಗೆ ಫೋನ್ ಮಾಡಿದೆ. ಡಬ್ಬಿಗೆ 3,400 ಅಂದರು. ಜಾಸ್ತಿ ಆಯ್ತು ಅನ್ನಿಸಿತು. ಮಗಳು ಮೊಬೈಲಿನಲ್ಲಿ ಹುಡುಕಿ ಜರ್ಮನಿಯ ಅಂಗಡಿ ತೋರಿಸಿದಳು. ಅಲ್ಲಿ ಅದೇ ಡಬ್ಬಿ ಕಡಿಮೆಗೆ ಉಂಟು. ಜೊತೆಗೆ ಹಲ್ಲು ಊರುವ ಜಾಗಕ್ಕೆ ಅಂಟಿಸುವ ರಬ್ಬರ್ ಪ್ಯಾಚು, ಒಂದು ಕಾರ್ಕ್ ಗ್ರೀಸು ಹಾಕಿದೆವು. ಒಟ್ಟು 3,570.

ಇಲ್ಲೇ ನಾನು ಮರುಳಾದದ್ದು. ವಿಳಾಸದಲ್ಲಿ ಇಂಡಿಯಾ ಅಂತ ಹಾಕಿದ ಕೂಡಲೇ ಬೆಲೆ 3,000ಕ್ಕೆ ಇಳಿಯಿತು! ಅಲ್ಲಿನವರಿಗೆ ಹಾಕುವ 19% ತೆರಿಗೆ ಹೊರದೇಶಕ್ಕೆ ಹೋಗುವ ಮಾಲಿಗೆ ಇಲ್ಲವಂತೆ. ಸಾಗಣೆಗೆ 600. ಒಟ್ಟು 3,600. ಬೆಂಗಳೂರಿನ ಅಂಗಡಿಯವರಿಗೆ ಬುದ್ಧಿ ಕಲಿಸಿದ ಹಾಗೆ ಆಯ್ತು ಅಂತ ಆ ರಾತ್ರಿ ಎರಡು ತುತ್ತು ಜಾಸ್ತಿ ಊಟ ಮಾಡಿದೆ. ಅಲ್ಲಿ ತೆರಿಗೆ ಬಿಟ್ಟಿದ್ದಾರೆ ಅಂದರೆ ಇಲ್ಲಿ ಯಾರೋ ಕಾಯುತ್ತಿದ್ದಾರೆ ಅಂತ ಹೊಳೆಯಲೇ ಇಲ್ಲ.

ಐದನೇ ದಿನ ಮೆಸೇಜ್ ಬಂತು. ನಿಮ್ಮ ಪಾರ್ಸೆಲ್ ಕಸ್ಟಮ್ಸ್‌ನಲ್ಲಿದೆ, ಕೆವೈಸಿ ಕೊಡಿ, ಆಧಾರ್ ಅಪ್‌ಲೋಡ್ ಮಾಡಿ ಅಂತ. ಮಗಳು ಮೊಬೈಲ್ ಕಿತ್ತುಕೊಂಡಳು. "ಅಪ್ಪಾ, ಮುಟ್ಟಬೇಡಿ, ಇದು ಮೋಸದವರದ್ದು." ಅವಳ ಮಾತಿನಲ್ಲಿ ತಪ್ಪೇನಿಲ್ಲ. ಕಸ್ಟಮ್ಸ್ ಹೆಸರು ಹೇಳಿ ದುಡ್ಡು ಹೊಡೆಯುವ ಫೋನುಗಳು ನಮ್ಮ ಕಡೆಗೂ ಬರುತ್ತವೆ. ಎರಡು ದಿನ ಸುಮ್ನೆ ಕೂತೆವು. ಆಮೇಲೆ ಕೊರಿಯರ್ ಕಂಪನಿಯ ಸೈಟಿಗೆ ನಾವೇ ಹೋಗಿ ನಂಬರ್ ಹಾಕಿ ನೋಡಿದರೆ ನಿಜವೇ. ನಮ್ಮ ರೀಡು ದೇವನಹಳ್ಳಿಯ ಏರ್‌ಪೋರ್ಟಿನಲ್ಲಿ ಕುಳಿತಿದೆ. ಹೊರದೇಶದಿಂದ ಕೊರಿಯರಿನಲ್ಲಿ ಬರುವ ಮಾಲಿಗೆ ಗುರುತಿನ ಚೀಟಿ ಕೊಡಲೇಬೇಕು. ಅಂಗಡಿಯವರು ಆರ್ಡರ್ ತೆಗೆದುಕೊಳ್ಳುವಾಗಲೇ ಇದನ್ನು ಹೇಳಬಾರದಾ?

ಒಂಬತ್ತನೇ ದಿನ ಹುಡುಗ ಬಂದ. ಅಂಗಳದಲ್ಲಿ ಅಡಿಕೆ ಹರಡಿತ್ತು, ಬೈಕು ಗೇಟಿನಲ್ಲೇ ನಿಲ್ಲಿಸಿದ.

"ಮಾಸ್ಟ್ರೇ, 3,608 ಆಗ್ತದೆ."

"ಎಂತ ಮಾರಾಯಾ, ದುಡ್ಡು ಕೊಟ್ಟಾಗಿದೆ. 3,600. ಅಲ್ಲೇ ಕಟ್ಟಿದ್ದು."

"ಅದು ಮಾಲಿಂದು. ಇದು ಡ್ಯೂಟಿ."

ಅವನು ಬಿಲ್ಲು ಕೊಟ್ಟ. ನಾನು ಓದಿದೆ. ಕನ್ನಡಕ ಹಾಕಿ ಇನ್ನೊಂದು ಸಲ ಓದಿದೆ. ಬೇಡ ಅಂದರೆ ವಾಪಸ್ ಹೋಗುತ್ತದೆ, ಕಟ್ಟಿದ ಸಾಗಣೆಯ ದುಡ್ಡು ಗೋವಿಂದ. ಮಾರನೇ ದಿನ ಉಪ್ಪಿನಂಗಡಿಯಲ್ಲಿ ನಿಶ್ಚಿತಾರ್ಥ. ಕ್ಯೂಆರ್ ಕೋಡ್ ತೋರಿಸಿದ, ಕೊಟ್ಟೆ. ಹುಡುಗನ ಮೇಲೆ ಸಿಟ್ಟಿಲ್ಲ. ಬಿಸಿಲಲ್ಲಿ ಬಂದಿದ್ದಾನೆ ಅಂತ ಮಜ್ಜಿಗೆ ಕೊಟ್ಟೆ. ಒಳಗಿನಿಂದ ಹೆಂಡತಿ "ನೋಡಿ, ಎಷ್ಟಾಯ್ತು?" ಅಂತ ಕೇಳಿದಳು. "ಸ್ವಲ್ಪ" ಅಂದೆ.

ಬಿಲ್ಲನ್ನು ಜೇಬಿನಲ್ಲಿಟ್ಟುಕೊಂಡು ಸಂಜೆ ನಮ್ಮ ಭಜನಾ ಮಂದಿರದ ಲೆಕ್ಕ ಬರೆಯುವವರ ಹತ್ತಿರ ಹೋದೆ. ಅವರು ಪೆನ್ನು ಹಿಡಿದು ಬಿಡಿಸಿ ಹೇಳಿದರು. ಆಗಿನ ದರ ಇದು, ಪೈಸೆಗಳನ್ನು ಬಿಟ್ಟು ಬರೆಯುತ್ತೇನೆ.

ಮೊದಲ ವಿಷಯ, ಸುಂಕ ಹಾಕುವುದು ರೀಡಿನ ಬೆಲೆಗೆ ಮಾತ್ರ ಅಲ್ಲ. ಸಾಗಣೆಯ ದುಡ್ಡನ್ನೂ ಸೇರಿಸಿ 3,600ಕ್ಕೆ. ಅದರ ಮೇಲೆ 35% ಕಸ್ಟಮ್ಸ್ ಸುಂಕ, 1,260. ಆ ಸುಂಕದ ಮೇಲೆ 10% ಸಮಾಜ ಕಲ್ಯಾಣ ಸರ್ಚಾರ್ಜು, 126. ಈಗ ಮಾಲು, ಸುಂಕ, ಸರ್ಚಾರ್ಜು ಎಲ್ಲ ಕೂಡಿಸಿ 4,986 ಆಯ್ತಲ್ವಾ? ಆ ಮೊತ್ತದ ಮೇಲೆ 28% ಐಜಿಎಸ್‌ಟಿ (ಆಮದಿಗೆ ಹಾಕುವ ಜಿಎಸ್‌ಟಿ), 1,396. ಅಂದರೆ ತೆರಿಗೆಗೂ ತೆರಿಗೆ. ಎಲ್ಲ ಸೇರಿ 2,782. ಶೇಕಡ ಲೆಕ್ಕದಲ್ಲಿ 77.28. ಅಂಚೆಯಲ್ಲೋ ವಿಮಾನದಲ್ಲೋ ಸ್ವಂತ ಬಳಕೆಗೆ ತರಿಸುವ ಮಾಲಿಗೆ ಅಂತ ಸುಂಕದ ಪಟ್ಟಿಯಲ್ಲಿ ಒಂದೇ ಶೀರ್ಷಿಕೆ ಉಂಟಂತೆ. ವಾಚಿನ ಬೆಲ್ಟಾಗಲಿ, ಆಟದ ಸಾಮಾನಾಗಲಿ, ರೀಡಾಗಲಿ, ಆ ಬುಟ್ಟಿಗೆ ಬಿದ್ದರೆ ಆಗ ಅದೇ 77 ಇತ್ತು.

ಸರಿ, ಸರಕಾರದ್ದು. ಕಾನೂನು ಉಂಟು, ನಾನು ಕೇಳದೆ ಆರ್ಡರ್ ಮಾಡಿದ್ದು ನನ್ನ ತಪ್ಪು. ನನಗೆ ಸಿಟ್ಟು ಬಂದದ್ದು ಬಿಲ್ಲಿನ ಕೊನೆಯ ಎರಡು ಸಾಲಿಗೆ. ಅಡ್ವಾನ್ಸ್‌ಮೆಂಟ್ ಫೀ 700. ಅದಕ್ಕೆ 18% ಜಿಎಸ್‌ಟಿ 126. ಇದು ಎಂತದ್ದು ಅಂತ ಕೊರಿಯರಿನವರಿಗೆ ಫೋನ್ ಮಾಡಿದೆ. ಹಿಂದಿಗೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು ಒತ್ತಿ. ಇಪ್ಪತ್ತು ನಿಮಿಷ ಅವರದ್ದೇ ಸಂಗೀತ ಕೇಳಿದೆ. ಸ್ಯಾಕ್ಸೋಫೋನೇ ಇತ್ತು, ಶ್ರುತಿ ಸರಿ ಇರಲಿಲ್ಲ. ಕೊನೆಗೆ ಒಬ್ಬ ಹೆಣ್ಣುಮಗಳು ಬಂದು ತಾಳ್ಮೆಯಿಂದ ವಿವರಿಸಿದರು. ನಮ್ಮ ಪರವಾಗಿ ಅವರು ಸುಂಕವನ್ನು ಮೊದಲೇ ಕಟ್ಟಿರುತ್ತಾರೆ. ಆ ಉಪಕಾರಕ್ಕೆ ಈ ಶುಲ್ಕ. ಸುಂಕದ ಶೇಕಡ ಇಷ್ಟು ಅಥವಾ 700, ಯಾವುದು ಜಾಸ್ತಿಯೋ ಅದು.

ಯಾವುದು ಜಾಸ್ತಿಯೋ ಅದು! ನಾಲ್ಕು ದಿನ 2,782 ರೂಪಾಯಿ ಕೈಸಾಲ ಕೊಟ್ಟದ್ದಕ್ಕೆ ನೂರಕ್ಕೆ 25. ನಮ್ಮ ಪೇಟೆಯ ಮೀಟರ್ ಬಡ್ಡಿಯವರು ಕೇಳಿದರೆ ನಾಚಿಕೊಳ್ಳಬಹುದು. ಆ ಸಾಲವನ್ನು ನಾನು ಕೇಳಿರಲೂ ಇಲ್ಲ. ಮೊದಲೇ ಹೇಳಿದ್ದರೆ ನಾನೇ ಕಟ್ಟುತ್ತಿದ್ದೆ. ಲಕ್ಷ ರೂಪಾಯಿಯ ವಾದ್ಯ ತರಿಸುವವನಿಗೆ 700 ಲೆಕ್ಕಕ್ಕೇ ಬರುವುದಿಲ್ಲ. ನೂರಿನ್ನೂರರ ಪ್ಯಾಚು ತರಿಸುವವನ ಬೆನ್ನು ಮುರಿಯುತ್ತದೆ. ಸುಂಕಕ್ಕಾದರೂ ಮಾಲಿನ ಅಳತೆ ಉಂಟು, ಸಣ್ಣದಕ್ಕೆ ಸಣ್ಣದು. ಈ ಫೀಗೆ ಅಳತೆಯೇ ಇಲ್ಲ. ಎರಡು ಸ್ಟಾರ್ ಕೊಟ್ಟದ್ದು ಇದಕ್ಕೇ.

ಒಟ್ಟು 7,208 ಆಯ್ತು. ಅದರಲ್ಲಿ ರೀಡಿನ ಡಬ್ಬಿಯ ಪಾಲು ಮುಕ್ಕಾಲು, ಅಂದರೆ 5,400ರ ಮೇಲೆ. ಬೆಂಗಳೂರಿನವರು ಹೇಳಿದ್ದು 3,400. ಅವರೂ ತೆರಿಗೆ ಕಟ್ಟಿಯೇ ತರಿಸಿ, ತಮ್ಮ ಲಾಭ ಇಟ್ಟುಕೊಂಡೇ ಆ ಬೆಲೆ ಹೇಳಿದ್ದು. ನಾನು ಅವರಿಗೆ ಕಲಿಸಲು ಹೊರಟ ಬುದ್ಧಿಗೆ 2,000 ಫೀಸು ನಾನೇ ಕಟ್ಟಿದೆ.

ಊರಿನಲ್ಲಿ ಸುದ್ದಿ ಹಬ್ಬಿದ ಮೇಲೆ ಉಪದೇಶಕ್ಕೆ ಕಡಿಮೆ ಇರಲಿಲ್ಲ. ಭಾವ ಹೇಳಿದ, "ದುಬೈಯಲ್ಲಿ ನನ್ನ ಮಗ ಇದ್ದಾನಲ್ಲ, ಗಿಫ್ಟ್ ಅಂತ ಬರೆದು ಕಳಿಸಿದ್ದರೆ ಮುಗೀತಿತ್ತು." ಮುಗಿಯುತ್ತಿರಲಿಲ್ಲ. 5,000 ರೂಪಾಯಿವರೆಗಿನ ಗಿಫ್ಟಿಗೆ ಮೊದಲು ಸುಂಕ ಇರಲಿಲ್ಲ, ನಿಜ. ಅದನ್ನು 2019ರ ಡಿಸೆಂಬರಿನಲ್ಲೇ ತೆಗೆದುಬಿಟ್ಟರು. ಗಿಫ್ಟ್ ಅಂತ ಬರೆದು ಅಂಗಡಿಯ ಮಾಲು ಕಳಿಸುವವರು ಜಾಸ್ತಿಯಾಗಿದ್ದರು. ಈಗ ಉಳಿದದ್ದು ಜೀವ ಉಳಿಸುವ ಔಷಧಿ ಮತ್ತು ರಾಖಿ. ಹೌದು, ರಾಖಿ. ರೀಡಿಗೆ ಕೆಂಪು ದಾರ ಕಟ್ಟಿ ಕಳಿಸಬಹುದಿತ್ತು ಅಂತ ಮಗಳು ನಕ್ಕಳು.

ಇನ್ನು ಸುಂಕ 100 ರೂಪಾಯಿ ಮೀರದಿದ್ದರೆ ಅಂಚೆಯಲ್ಲಿ ಬಂದ ಮಾಲಿಗೆ ವಸೂಲಿ ಇಲ್ಲ ಅಂತಲೂ ಉಂಟು. ಆಗಿನ 77.28ರ ಲೆಕ್ಕದಲ್ಲಿ ಭಾಗಿಸಿ ನೋಡಿದೆ. ಮಾಲು 129 ರೂಪಾಯಿ ದಾಟಬಾರದು. ಅಷ್ಟಕ್ಕೆ ಹೊರದೇಶದಿಂದ ಸ್ಟಿಕ್ಕರ್ ಬಂದರೆ ಪುಣ್ಯ.

ಅಂಚೆ ಅಂದದ್ದಕ್ಕೆ ಅದರ ಕಥೆಯನ್ನೂ ಹೇಳಬೇಕು. ಬುದ್ಧಿ ಬಂದಿತ್ತು ಅಂದುಕೊಳ್ಳಬೇಡಿ. 2024ರ ಜನವರಿಯಲ್ಲಿ ಮತ್ತೆ ತರಿಸಿದೆ. ಹೆಬ್ಬೆರಳಿಗೆ ಹಾಕುವ ಒಂದು ಮೆತ್ತೆ, ಇಲ್ಲಿ ಎಲ್ಲಿಯೂ ಸಿಗಲಿಲ್ಲ. ಜಪಾನಿನಿಂದ, ಸಾಗಣೆ ಸೇರಿ 900. ಈ ಸಲ ಬೇಕೆಂದೇ ಅಂಚೆ ಆರಿಸಿದೆ. ಏಳು ವಾರ ಹಿಡಿಯಿತು. ನಡುವೆ ಮೂರು ವಾರ ಟ್ರ್ಯಾಕಿಂಗಿನಲ್ಲಿ ಒಂದೇ ಸಾಲು ಇತ್ತು, ಕಳೆದೇ ಹೋಯ್ತು ಅಂದುಕೊಂಡೆ. ಮಾರ್ಚಿನಲ್ಲಿ ನಮ್ಮ ಪೋಸ್ಟ್‌ಮ್ಯಾನ್ ಸೈಕಲಿನಲ್ಲಿ ತಂದರು. ಮೇಲೆ ಕಸ್ಟಮ್ಸ್ ಚೀಟಿ, 696 ರೂಪಾಯಿ. ಅದೇ 77.28. ನೋಟು ಎಣಿಸಿ ಕೊಟ್ಟೆ, ರಸೀದಿ ಕೊಟ್ಟರು. ಕೈಸಾಲದ ಬಡ್ಡಿ ಇಲ್ಲ, ಒಂದು ಒತ್ತಿ ಎರಡು ಒತ್ತಿ ಇಲ್ಲ. ಇದೇ ಸಾಮಾನು ಕೊರಿಯರಿನಲ್ಲಿ ಬಂದಿದ್ದರೆ 826 ಮೇಲಿಂದ ಬೀಳುತ್ತಿತ್ತು. ಅಂಚೆಗೆ ಮೂರೂವರೆ ಸ್ಟಾರ್. ತಡ ಮಾಡದಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ. ಮದುವೆ ನಾಳೆ ಇರುವವರು ಇದನ್ನು ನಂಬಬೇಡಿ.

ರೀಡಿನ ಬಗ್ಗೆ ಹೇಳದೆ ಹೋದರೆ ತಪ್ಪಾಗುತ್ತದೆ. ಒಂದೊಂದನ್ನೂ ಬೇರೆ ಬೇರೆ ಕವರಿನಲ್ಲಿ ಸೀಲ್ ಮಾಡಿ ಇಟ್ಟಿದ್ದಾರೆ. ನಮ್ಮ ಕರಾವಳಿಯ ತೇವಕ್ಕೆ ಅದು ದೊಡ್ಡ ಉಪಕಾರ. ಹತ್ತರಲ್ಲಿ ನಾಲ್ಕು ಬಾಯಿಗಿಟ್ಟ ಕೂಡಲೇ ಮಾತಾಡಿದವು. ಮೂರನ್ನು ಎರಡು ದಿನ ಪಳಗಿಸಬೇಕಾಯ್ತು. ಎರಡು ಅಭ್ಯಾಸಕ್ಕೆ ಆದವು. ಒಂದು ಮೊದಲಿನಿಂದಲೂ ಮೂಕ. ಡಬ್ಬಿಯ ಎಲ್ಲ ರೀಡೂ ಚೆನ್ನಾಗಿದ್ದ ಕಾಲವನ್ನು ನಾನು ಕಂಡಿಲ್ಲ, ಹಾಗಾಗಿ ನಾಲ್ಕು ಸ್ಟಾರ್. ಉಪ್ಪಿನಂಗಡಿಯಲ್ಲಿ ಆ ದಿನ ಹಾಕಿದ್ದು ಮೊದಲ ನಾಲ್ಕರಲ್ಲಿ ಒಂದು. ಮೋಹನ ರಾಗ ಎತ್ತಿದಾಗ ಊಟದ ಪಂಕ್ತಿಯಲ್ಲಿದ್ದ ಒಬ್ಬರು ಅಜ್ಜ ತಿರುಗಿ ನೋಡಿದರು. ಆ ಒಂದು ಕ್ಷಣ ನಾನು ಬಿಲ್ಲನ್ನು ಮರೆತದ್ದು ನಿಜ.

ಅಂಗಡಿಯವರಿಗೆ ಐದು ಕೊಟ್ಟದ್ದನ್ನು ವಾಪಸ್ ತೆಗೆಯುವುದಿಲ್ಲ. ಅವರ ಸೈಟಿನ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು: ನಿಮ್ಮ ದೇಶದ ಸುಂಕ ನಿಮ್ಮದು. ಮಗಳು ಆಮೇಲೆ ತೋರಿಸಿದಳು. ಅವರು ಹೇಳಿದ್ದಾರೆ, ನಾನು ಓದಲಿಲ್ಲ.

ಆಮೇಲೆ ಬಂದ ಬಿಸು ಹಬ್ಬಕ್ಕೆ ಭಾವನ ಮಗ ದುಬೈಯಿಂದ ಬಂದ. ಎರಡು ನೀಲಿ ಡಬ್ಬಿ ತಾ ಅಂತ ಹೇಳಿದ್ದೆ. ಮಂಗಳೂರಿನ ಬಜಪೆ ಏರ್‌ಪೋರ್ಟಿನಲ್ಲಿ ಇಳಿದು, ಸುಂಕ ಕಟ್ಟುವ ಸಾಮಾನು ಇಲ್ಲದವರ ಹಸಿರು ದಾರಿಯಲ್ಲಿ ನಡೆದುಕೊಂಡು ಹೊರಗೆ ಬಂದ. ಪ್ರಯಾಣಿಕರು ಬ್ಯಾಗಿನಲ್ಲಿ ತರುವ 50,000 ರೂಪಾಯಿವರೆಗಿನ ಸಾಮಾನಿಗೆ ಆಗ ಸುಂಕ ಇರಲಿಲ್ಲ. ಅದೇ ರೀಡು, ಅದೇ ವಿಮಾನದ ದಾರಿ. ಡಬ್ಬಿಗಳನ್ನು ಟೇಬಲ್ ಮೇಲೆ ಇಟ್ಟ. ನಾನು ದುಡ್ಡು ಎಣಿಸಿ ಕೊಟ್ಟೆ.

ಹೆಂಡತಿ ಅಡುಗೆಮನೆ ಬಾಗಿಲಲ್ಲೇ ನಿಂತಿದ್ದಳು. "ಇದಕ್ಕೆ ಮೇಲಿಂದ ಎಷ್ಟು ಕೊಡ್ಬೇಕು?"

"ಏನೂ ಇಲ್ಲ ಅತ್ತೆ. ಕೋರಿ ರೊಟ್ಟಿ ಸಾಕು" ಅಂದ.

ಎರಡು ಸಲ ಬಡಿಸಿದೆವು.