ಹೊಸ ಪಾರಿವಾಳ ಒಗ್ಗಿಸಲು: ರೆಕ್ಕೆ ಕಟ್ಟಬೇಕೋ, ಪಂಜರ ಇಡಬೇಕೋ?

ಪಾರಿವಾಳ ಕೊಂಡು ತಂದ ದಿನವೇ ಬಿಟ್ಟರೆ ಅದು ಮಾರಿದವನ ತಾರಸಿಗೇ ವಾಪಸ್ ಹೋಗುತ್ತದೆ. ಎಷ್ಟು ದೂರ ಬಿಟ್ಟರೂ ಗೂಡು ಹುಡುಕಿ ಬರುವ ರೇಸಿನ ಜಾತಿ, ಹೋಮರ್ ಆದರಂತೂ ಕೇಳುವುದೇ ಬೇಡ. ಹಾಗಾಗಿ ಮೊದಲ ಹಾರಾಟಕ್ಕೆ ಮುಂಚೆ ಹಕ್ಕಿ ಹೊಸ ಗೂಡಿಗೆ ಒಗ್ಗಬೇಕು. ಬೆಂಗಳೂರಿನಲ್ಲಿ ತಾರಸಿ ಮೇಲೆ ಪಾರಿವಾಳ ಸಾಕುವವರು ಇದಕ್ಕೆ ಮೂರು ದಾರಿ ಹೇಳುತ್ತಾರೆ. ರೆಕ್ಕೆ ಕಟ್ಟುವುದು, ಗರಿ ಕತ್ತರಿಸುವುದು, ಗೂಡಿನ ಬಾಗಿಲಿಗೆ ಜಾಲರಿ ಪಂಜರ ಕೂರಿಸುವುದು. ಮೂರನ್ನೂ ಮಾಡಿ ನೋಡಿದ್ದೇನೆ. ನನ್ನ ವೋಟು ಪಂಜರಕ್ಕೆ. ಆದರೆ ರೆಕ್ಕೆ ಕಟ್ಟುವವರು ಹೇಳುವ ಮಾತಿನಲ್ಲೂ ಹುರುಳಿದೆ.

ಕತ್ತರಿ ವಿಷಯ ಮೊದಲೇ ಮುಗಿಸಿಬಿಡೋಣ. ಕತ್ತರಿಸಿದ ಗರಿ ಬೆಳೆಯುವುದಿಲ್ಲ. ಮೋಟು ಬುಡ ಉದುರಿ ಹೊಸದು ಬರಲು ಗರಿ ಉದುರುವ ಕಾಲ ಬರಬೇಕು. ರೆಕ್ಕೆ ತುದಿಯ ಹತ್ತು ದೊಡ್ಡ ಗರಿ ಒಂದಾದ ಮೇಲೊಂದು ಬದಲಾಗಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಹೊಸ ಗರಿಯ ಕೊಳವೆಯಲ್ಲಿ ರಕ್ತ ಇರುತ್ತದೆ. ಪಕ್ಕದಲ್ಲಿ ಆಸರೆಗೆ ಪೂರ್ತಿ ಗರಿ ಇಲ್ಲದಿದ್ದರೆ ಅದು ತಾಗಿ ಮುರಿಯುತ್ತದೆ, ರಕ್ತ ಸುರಿಯುತ್ತದೆ. ಹಾರಿಸಬೇಕೆಂದು ತಂದ ಹಕ್ಕಿಗೆ ಇದು ಬೇಡವೇ ಬೇಡ.

ರೆಕ್ಕೆ ಕಟ್ಟುವುದಕ್ಕೆ ಖರ್ಚಿಲ್ಲ. ಒಂದು ರೆಕ್ಕೆಯ ಹೊರಗಿನ ಕೆಲವು ಗರಿಗಳನ್ನು ಸೇರಿಸಿ ಮೆತ್ತನೆಯ ದಾರ ಸುತ್ತಿದರೆ ಆಯಿತು. ಒಂದೇ ಕಡೆ ಕಟ್ಟುತ್ತಾರೆ, ಆಗ ತೂಕ ತಪ್ಪಿ ಹಕ್ಕಿಗೆ ಮೇಲೇಳಲು ಆಗುವುದಿಲ್ಲ. ಕೆಲವು ದಿನಕ್ಕೊಮ್ಮೆ ಬಿಚ್ಚಿ ಇನ್ನೊಂದು ರೆಕ್ಕೆಗೆ ಬದಲಾಯಿಸಬೇಕು, ಇಲ್ಲದಿದ್ದರೆ ಕೀಲು ಬಿಗಿಯುತ್ತದೆ. ಟೇಪ್ ಹಾಕುವವರೂ ಇದ್ದಾರೆ. ಪ್ಯಾಕಿಂಗ್ ಟೇಪ್ ತೆಗೆದರೆ ಗರಿಯೆಲ್ಲಾ ಅಂಟು. ಬ್ಯಾಂಡೇಜಿಗೆ ಬಳಸುವ ಕಾಗದದ ಟೇಪ್ ಎಷ್ಟೋ ವಾಸಿ.

ಈ ದಾರಿಯ ದೊಡ್ಡ ಗುಣ ಏನೆಂದರೆ, ಹಕ್ಕಿ ತಾರಸಿಯನ್ನು ಕಾಲಲ್ಲೇ ಕಲಿಯುತ್ತದೆ. ತಾನೇ ನಡೆದು ಹೊರಗೆ ಬರುತ್ತದೆ, ಬಿಸಿಲು ಕಾಯುತ್ತದೆ, ಸಿಂಟೆಕ್ಸ್ ಟ್ಯಾಂಕಿನ ನೆರಳಿಗೆ ಹೋಗಿ ನಿಲ್ಲುತ್ತದೆ, ಕಾಳಿನ ಡಬ್ಬ ಅಲ್ಲಾಡಿಸಿದರೆ ಹಳೆ ಹಕ್ಕಿಗಳ ಹಿಂದೆಯೇ ಒಳಗೆ ಓಡುತ್ತದೆ. ಬಾಗಿಲು ಬೇಗ ಗುರುತಾಗುತ್ತದೆ. ಪಂಜರದಲ್ಲಿ ಇದಕ್ಕೆ ಜಾಸ್ತಿ ದಿನ ಬೇಕು, ಒಪ್ಪುತ್ತೇನೆ.

ತೊಂದರೆ ಬೇರೆ ಕಡೆ ಇದೆ. ಬೆಕ್ಕು ಬಂದರೆ ಕಟ್ಟಿದ ಹಕ್ಕಿ ಓಡಬಲ್ಲದೇ ಹೊರತು ಹಾರಲಾರದು. ಮೇಲೆ ಗಿಡುಗದ ಕಾಟ. ಗಾಬರಿಯಾಗಿ ಪ್ಯಾರಾಪೆಟ್ ದಾಟಿ ಬಿದ್ದರೆ ಬೀದಿ ನಾಯಿಗಳಿವೆ. ಹಕ್ಕಿ ಹೊರಗಿರುವಷ್ಟು ಹೊತ್ತೂ ಅಲ್ಲೇ ಕೂತು ಕಾಯಬೇಕು, ಕೆಲಸಕ್ಕೆ ಹೋಗುವವರಿಗೆ ಇದು ಆಗುವ ಮಾತಲ್ಲ. ಇನ್ನೊಂದು ವಿಷಯವನ್ನು ಯಾರೂ ಹೇಳುವುದಿಲ್ಲ. ಕಟ್ಟಿದ ಹಕ್ಕಿ ನೋಡುವುದು ನೆಲದಿಂದ. ಪ್ಯಾರಾಪೆಟ್ ಆಚೆ ಏನಿದೆ ಅಂತ ಅದಕ್ಕೆ ಕಾಣುವುದೇ ಇಲ್ಲ. ದಾರ ಬಿಚ್ಚಿದ ದಿನ ಮೇಲೇರುತ್ತಿದ್ದಂತೆ ಊರೆಲ್ಲಾ ಹೊಸದು. ನನ್ನಲ್ಲಿ ಹಾಗೆ ಬಿಟ್ಟವು ಪಕ್ಕದ ಬೀದಿಯ ಮನೆಗಳ ಮೇಲೆ ಇಳಿದದ್ದೇ ಹೆಚ್ಚು.

ಪಂಜರಕ್ಕೆ ಸ್ವಲ್ಪ ದುಡ್ಡು ಬೇಕು. ಮೂರಡಿ ಉದ್ದ, ಎರಡಡಿ ಅಗಲ, ಒಂದೂವರೆ ಅಡಿ ಎತ್ತರದ ವೆಲ್ಡ್ ಜಾಲರಿ ಪೆಟ್ಟಿಗೆ ಸಾಕು. ಹಕ್ಕಿಗಳು ಇಳಿಯುವ ಹಲಗೆ ಮೇಲೆ, ಬಾಗಿಲಿಗೆ ಅಂಟಿಕೊಂಡಂತೆ ಇಡಬೇಕು. ಗೂಡಿನ ಒಳಕ್ಕೆ ಮಾತ್ರ ತಳ್ಳಿಕೊಳ್ಳುವ ಕಂಬಿಗಳನ್ನು ಪಂಜರಕ್ಕೂ ಗೂಡಿಗೂ ಮಧ್ಯೆ ತೂಗುಹಾಕಿ. ಬೆಳಿಗ್ಗೆ ಹಕ್ಕಿಯನ್ನು ಪಂಜರಕ್ಕೆ ಬಿಟ್ಟು ಕಾಳನ್ನು ಗೂಡಿನೊಳಗೆ ಹಾಕಬೇಕು. ಮೊದಲು ಜಾಲರಿಗೆ ತಲೆ ಚಚ್ಚಿಕೊಳ್ಳುತ್ತದೆ. ಆಮೇಲೆ ಸುಮ್ಮನಾಗಿ, ಕತ್ತು ಓರೆ ಮಾಡಿ ಒಂದೇ ಕಣ್ಣಲ್ಲಿ ಆಕಾಶ ನೋಡಲು ಶುರು ಮಾಡುತ್ತದೆ. ಹಸಿವಾದಾಗ ಎದೆಯಿಂದ ಕಂಬಿ ತಳ್ಳುತ್ತದೆ, ಟಿಕ್ ಎಂದ ಸದ್ದಿಗೆ ಹೆದರಿ ಹಿಂದೆ ಸರಿಯುತ್ತದೆ, ಮತ್ತೆ ತಳ್ಳುತ್ತದೆ. ಒಮ್ಮೆ ಒಳಗೆ ಹೋಯಿತೋ, ಆಮೇಲೆ ಹೇಳಿಕೊಡಬೇಕಿಲ್ಲ.

ಪಂಜರ ಎತ್ತರದಲ್ಲೇ ಇರಬೇಕು, ಗಾಳಿಗೂ ತೆರೆದಿರಬೇಕು. ಪಾರಿವಾಳ ಕಣ್ಣಿನಿಂದ ಮಾತ್ರ ಮನೆ ಹುಡುಕುವುದಿಲ್ಲ. ಯಾವ ದಿಕ್ಕಿನ ಗಾಳಿ ಯಾವ ವಾಸನೆ ತರುತ್ತದೆ ಎಂದು ಗೂಡಿನಲ್ಲಿ ಕೂತೇ ಕಲಿಯುತ್ತದೆ ಎಂದು ಇಟಲಿಯ ಫ್ಲೋರಿಯಾನೋ ಪಾಪಿ ಮತ್ತು ಜೊತೆಗಾರರು 1972ರಲ್ಲಿ ಹೇಳಿದರು. ಗಾಳಿಗೆ ಅಡ್ಡಗೋಡೆ ಕಟ್ಟಿ ಬೆಳೆಸಿದ ಹಕ್ಕಿಗಳು ದೂರ ಬಿಟ್ಟಾಗ ಮನೆಯ ದಿಕ್ಕು ಹಿಡಿಯಲು ಒದ್ದಾಡಿದ್ದನ್ನು ಪ್ರಯೋಗಗಳು ತೋರಿಸಿವೆ. ಈ ವಾಸನೆಯ ವಾದದ ಬಗ್ಗೆ ಇನ್ನೂ ಜಗಳ ಇದೆ. ಆದರೂ ಮಳೆ, ಚಳಿ ಅಂತ ಪಂಜರದ ನಾಲ್ಕೂ ಕಡೆ ಪ್ಲಾಸ್ಟಿಕ್ ಶೀಟ್ ಹೊದಿಸುವವರನ್ನು ಕಂಡರೆ ನಾನು ಬೇಡ ಎನ್ನುತ್ತೇನೆ. ನೆರಳಿಗೆ ಮೇಲೆ ಒಂದು ಹಲಗೆ ಸಾಕು ಅಲ್ವಾ?

ಯಾವ ದಾರಿ ಹಿಡಿದರೂ ಕೊನೆಗೆ ಕೆಲಸ ಮಾಡುವುದು ಕಾಳು. ಮೊದಲು ಬಿಡುವುದು ಸಂಜೆ, ಕತ್ತಲಾಗಲು ಒಂದು ಗಂಟೆ ಇದೆ ಎನ್ನುವಾಗ, ಬೆಳಗಿನ ಮೇವು ಅರ್ಧ ಮಾಡಿ. ಒಂದು ಹಕ್ಕಿ ದಿನಕ್ಕೆ ಸುಮಾರು ಮೂವತ್ತು ಗ್ರಾಂ ತಿನ್ನುತ್ತದೆ. ಸಜ್ಜೆ, ಗೋಧಿ, ಹೆಸರುಕಾಳು ಯಾವುದಾದರೂ ಸರಿ, ಡಬ್ಬದ ಸದ್ದು ಮಾತ್ರ ದಿನವೂ ಅದೇ ಇರಬೇಕು. ಕೈಯಲ್ಲಿ ಹಿಡಿದು ಎಸೆಯಬೇಡಿ. ಪಂಜರದ ಬಾಗಿಲು ತೆಗೆದು ದೂರ ನಿಲ್ಲಿ, ತಾನಾಗಿ ಗೂಡಿನ ಸೂರಿಗೆ ಹತ್ತಲಿ. ಪಂಜರದಲ್ಲಿ ಒಗ್ಗಿದವು ಸೂರಿನ ಮೇಲೇ ಬಹಳ ಹೊತ್ತು ಕೂರುತ್ತವೆ, ಒಂದು ಸಣ್ಣ ಸುತ್ತು ಹೊಡೆದು ಇಳಿಯುತ್ತವೆ. ನನಗೆ ಪಂಜರ ಗೆದ್ದಿದ್ದು ಇಲ್ಲೇ.

ಇದೆಲ್ಲಾ ಬೀಸಣಿಗೆ ಬಾಲದ ಲಕ್ಕಾ, ಲಾಗ ಹೊಡೆಯುವ ಜಾತಿ, ಮರಿ ಹಕ್ಕಿಗಳ ಮಾತು. ಗೂಡಿನಲ್ಲೇ ಕಾಳು ತಿನ್ನಲು ಕಲಿತ, ಸುಮಾರು ನಾಲ್ಕೈದು ವಾರದ ಮರಿ ಸಿಕ್ಕರೆ ಅದನ್ನೇ ತನ್ನಿ, ಅದಕ್ಕೆ ಮರೆಯಬೇಕಾದ ಹಳೆ ಆಕಾಶವೇ ಇಲ್ಲ. ರೇಸ್ ಹಾರಿದ ದೊಡ್ಡ ಹೋಮರ್ ಬೇರೆ ಲೆಕ್ಕ. ವರ್ಷಗಟ್ಟಲೆ ಕೂಡಿಟ್ಟು ಬಿಟ್ಟರೂ ಹಳೆ ಗೂಡಿಗೆ ಹೋಗುವ ಹಕ್ಕಿಗಳಿವೆ. ಅಂಥವಕ್ಕೆ ದಾರವೂ ಬೇಡ, ಪಂಜರವೂ ಬೇಡ, ಒಳಗೇ ಜೋಡಿ ಮಾಡಿ ಇಡಿ. ಎರಡು ಮೊಟ್ಟೆ ಇಡುತ್ತದೆ, ಹದಿನೆಂಟು ದಿನ ಕಾವು. ಹಾರಿಸುವುದೇನಿದ್ದರೂ ಆ ಮರಿಗಳನ್ನು.