ಒಂದೇ ವರ್ಷದ ಎರಡು ಪೋರ್ಟ್‌ಗಳು: ಗ್ರಹಾಂ 1985, ಡೌ 1985

ಪೋರ್ಚುಗಲ್ಲಿನ ಡೋರು ಕಣಿವೆಯಲ್ಲಿ 1985ರಲ್ಲಿ ಕೊಯ್ದ ದ್ರಾಕ್ಷಿಯಿಂದಾದ ಗ್ರಹಾಂ ಮತ್ತು ಡೌ ಸಂಸ್ಥೆಗಳ ವಿಂಟೇಜ್ ಪೋರ್ಟ್‌ಗಳನ್ನು, ಅಂದರೆ ಒಂದೇ ವರ್ಷದ ಬೆಳೆಯಿಂದ ಮಾಡಿ ಸೀಸೆಯಲ್ಲಿ ಬಹುಕಾಲ ಮಾಗಿಸುವ ಸಿಹಿಯಾದ ಕಡು ವೈನ್‌ಗಳನ್ನು, ಒಂದೇ ಸಂಜೆ ಅಕ್ಕಪಕ್ಕದಲ್ಲಿಟ್ಟು ಸವಿದು ನೋಡಿದೆ. ಗೋವಾದಿಂದ ತರುವ ಅಗ್ಗದ, ಸಿಹಿ ‘ಪೋರ್ಟ್ ವೈನ್’ಗೂ ಇವಕ್ಕೂ ಹೆಸರಿನ ಹೊರತು ಬೇರೆ ನಂಟಿಲ್ಲ.

ಎರಡೂ ಸಂಸ್ಥೆಗಳು ಪೋರ್ಟ್ ತಯಾರಿಸುವ ಸಿಮಿಂಗ್ಟನ್ ಕುಟುಂಬದ ಒಡೆತನದವು. ಗ್ರಹಾಂಗೆ ಮಾಲ್ವೆಡೋಸ್ ತೋಟ, ಡೌಗೆ ಪಿನ್ಯಾವ್ ಊರಿನ ಬೊಂಫಿಂ ತೋಟ ಮುಖ್ಯ ಆಧಾರ. ಹುದುಗುತ್ತಿರುವ ರಸಕ್ಕೆ ಶೇ. 77ರಷ್ಟು ಮದ್ಯಸಾರವಿರುವ ದ್ರಾಕ್ಷಿಯ ಸ್ಪಿರಿಟ್ ಬೆರೆಸಿದೊಡನೆ ಹುದುಗುವಿಕೆ ನಿಂತು, ಹುದುಗದೆ ಉಳಿದ ಸಕ್ಕರೆಯೇ ಪೋರ್ಟಿನ ಸಿಹಿಯಾಗುತ್ತದೆ. ಡೌನಲ್ಲಿ ರಸವನ್ನು ತುಸು ಹೆಚ್ಚು ಹೊತ್ತು ಹುದುಗಲು ಬಿಡುವ ರೂಢಿಯಿರುವುದರಿಂದ ಅದರ ಸಿಹಿ ಕಡಿಮೆ. ಇಷ್ಟು ದಶಕಗಳ ನಂತರವೂ ಈ ವ್ಯತ್ಯಾಸ ಮಾಸಿಲ್ಲ.

ಸೋಸದೆ ತುಂಬಿದ ವೈನಾದ್ದರಿಂದ ತಳದಲ್ಲಿ ದಪ್ಪ ಗಸಿ ಕೂತಿರುತ್ತದೆ. ಸೀಸೆಗಳನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ, ತೆಳು ಬಟ್ಟೆಯಲ್ಲಿ ಸೋಸಿ ಬಗ್ಗಿಸಿಕೊಂಡೆ. ಒಂದರ ಬಿರಡೆ ಪುಡಿಪುಡಿಯಾಗಿ ಬಂತು. ಈ ವಯಸ್ಸಿಗೆ ಅದು ಸಹಜವೇ.

ಗ್ರಹಾಂ ಲೋಟದಲ್ಲಿ ಇನ್ನೂ ಗಾಢ ಕೆಂಪು, ಅಂಚಿನಲ್ಲಿ ಮಾತ್ರ ಇಟ್ಟಿಗೆಯ ಬಣ್ಣ. ಮೂಗಿಗೆ ಹಿಡಿದೊಡನೆ ಮಾಗಿದ ನೇರಳೆ, ಒಣ ಅಂಜೂರ, ಜೋನಿಬೆಲ್ಲದ ಘಮ. ಬಾಯಿಗೆ ಬಂದಾಗ ಸಿಹಿ ನಾಲಿಗೆಯನ್ನೆಲ್ಲ ಆವರಿಸಿಕೊಂಡು, ಸುಮಾರು ಶೇ. 20ರಷ್ಟಿರುವ ಮದ್ಯಸಾರದ ಖಾರವನ್ನು ಬಹುತೇಕ ಮುಚ್ಚಿಬಿಡುತ್ತದೆ. ಮೊದಲ ಗುಟುಕಿನಲ್ಲಿ ಇದೇ ಗೆದ್ದಿತೆನ್ನಲು ನನಗೆ ಯಾವ ಸಂಕೋಚವೂ ಇಲ್ಲ.

ಡೌ ಮೊದಲಿಗೆ ಬಿಗಿಯಾಗಿತ್ತು. ಅರ್ಧ ಗಂಟೆಯ ನಂತರ ಒಣಗಿದ ಮುರುಗಲು ಸಿಪ್ಪೆ, ಲವಂಗ, ಹಾಲಿಲ್ಲದ ಕಡು ಚಹಾ, ಬಹುಕಾಲ ಮುಚ್ಚಿಟ್ಟಿದ್ದ ಬೀಟೆಮರದ ಪೆಟ್ಟಿಗೆಯ ವಾಸನೆ ಒಂದೊಂದಾಗಿ ಹೊರಬಂದವು. ಒಗರು ಇನ್ನೂ ಉಳಿದಿದೆ; ಆದರೆ ಅದು ಒರಟಲ್ಲ, ಅಡಿಕೆ ಅಗಿದ ಮೇಲೆ ಒಸಡಿನಲ್ಲಿ ನಿಲ್ಲುವಂಥದ್ದು. ನುಂಗಿದ ನಂತರ ರುಚಿ ಗ್ರಹಾಂಗಿಂತ ಬಹಳ ಹೆಚ್ಚು ಹೊತ್ತು ಉಳಿಯಿತು. ಹುರಿದ ಬಾದಾಮಿಯ ಜೊತೆಗಂತೂ ಇದರ ಮುಂದೆ ಗ್ರಹಾಂನ ಸಿಹಿ ತುಸು ಭಾರವೆನಿಸಿತು.

ಎರಡರಲ್ಲೂ ಉಳಿಸಿದ್ದ ಒಂದೊಂದು ಲೋಟವನ್ನು ಮರುದಿನ ನೋಡಿದಾಗ ಗ್ರಹಾಂನ ಹಣ್ಣಿನ ಘಮ ಇಳಿದು ಬೆಲ್ಲವಷ್ಟೇ ಮುಂದಾಗಿತ್ತು; ಡೌ ಹೆಚ್ಚುಕಡಿಮೆ ಹಾಗೆಯೇ ಇತ್ತು. ಅತಿಥಿಗಳ ಮುಂದೆ ಒಂದೇ ರಾತ್ರಿ ಮುಗಿಸುವುದಾದರೆ ಗ್ರಹಾಂ ತೆರೆಯುವೆ. ನನಗೆಂದು ಇನ್ನೊಂದು ಸೀಸೆ ಕೊಳ್ಳುವುದಾದರೆ ಡೌ.