ಮಾರ್ಜಿನ್ ಕಾಲ್ (2011): ರಾತ್ರಿಯೆಲ್ಲಾ ಬರೀ ಮಾತು, ಆದ್ರೂ ಎದ್ದೇಳೋಕೆ ಮನಸ್ಸಾಗಲ್ಲ

ಬ್ಯಾಂಕು, ಷೇರು, ಅಮೆರಿಕದ ದೊಡ್ಡ ಬ್ಯಾಂಕುಗಳು ಮುಳುಗಿದ 2008ರ ಕ್ರೈಸಿಸ್ಸು ಇವೆಲ್ಲ ನಮಗ್ಯಾಕಪ್ಪ ಅಂತ ಈ ಸಿನಿಮಾನ ಪಕ್ಕಕ್ಕಿಟ್ಟಿದ್ರೆ ಒಂದ್ಸಲ ನೋಡಿ. ಫೈನಾನ್ಸ್ ಗೊತ್ತಿಲ್ದಿದ್ರೂ ನಡಿಯುತ್ತೆ, ಯಾಕಂದ್ರೆ ಇದರಲ್ಲಿರೋ ದೊಡ್ಡ ದೊಡ್ಡ ಬಾಸ್‌ಗಳಿಗೇ ಅದು ಗೊತ್ತಿಲ್ಲ, ಮೇಲಿನ ಫ್ಲೋರಿಗೆ ಹೋದಷ್ಟೂ "ನಂಗೆ ಅರ್ಥ ಆಗೋ ಹಾಗೆ ಹೇಳಪ್ಪ" ಅನ್ನೋರೇ ಜಾಸ್ತಿ.

ನ್ಯೂಯಾರ್ಕಿನ ಒಂದು ಇನ್ವೆಸ್ಟ್‌ಮೆಂಟ್ ಬ್ಯಾಂಕು, ಹೆಸರೇ ಹೇಳಲ್ಲ. ಶುರುವಾಗೋದೇ ಲೇಆಫಿಂದ. ರಿಸ್ಕ್ (ಕಂಪನಿಗೆ ನಷ್ಟದ ಅಪಾಯ ಎಷ್ಟಿದೆ ಅನ್ನೋದು) ನೋಡ್ಕೊಳ್ತಿದ್ದ ಎರಿಕ್ ಡೇಲ್‌ನ (ಸ್ಟ್ಯಾನ್ಲಿ ಟುಚಿ) ಎಚ್‌ಆರ್‌ನೋರು ಕೂರಿಸ್ಕೊಂಡು ಕಳಿಸ್ತಾರೆ, ಹೊರಗೆ ಬಂದು ಫೋನ್ ಮಾಡೋಣ ಅಂದ್ರೆ ಅಷ್ಟರಲ್ಲೇ ಫೋನೂ ಕಟ್ಟು. ಲಿಫ್ಟ್ ಬಾಗ್ಲಲ್ಲಿ ಅವನು ಜೂನಿಯರ್ ಪೀಟರ್ ಕೈಗೆ ಅರ್ಧಕ್ಕೆ ನಿಂತ ಲೆಕ್ಕ ಇರೋ ಪೆನ್‌ಡ್ರೈವ್ ಕೊಟ್ಟು, ಹುಷಾರು ಅಂದು ಹೋಗ್ತಾನೆ. ಅದರಲ್ಲಿ ಏನಿದೆ ಅಂತ ಗೊತ್ತಾದ್ಮೇಲೆ ಅದೇ ರಾತ್ರಿ ಇಡೀ ಕಂಪನಿ ಅವನನ್ನ ಹುಡುಕುತ್ತೆ, ಸಿಗಲ್ಲ, ಹೇಗೆ ಸಿಗ್ತಾನೆ, ಫೋನ್ ಕಟ್ ಮಾಡ್ಸಿದ್ದು ಇವ್ರೇ ಅಲ್ವಾ! ಬೆಂಗ್ಳೂರಲ್ಲಿ ಲೇಆಫ್ ಕಂಡೋರಿಗೆ ಇದು ಸರಿಯಾಗೇ ತಾಗುತ್ತೆ.

ಪೀಟರ್ ಆ ಲೆಕ್ಕ ಪೂರ್ತಿ ಮಾಡಿ ನೋಡಿದ್ರೆ, ಜನರ ಮನೆ ಸಾಲಗಳನ್ನ ಗಂಟು ಕಟ್ಟಿ ಮಾರೋ ಬಾಂಡುಗಳನ್ನ ಕಂಪನಿ ಎಷ್ಟು ಸಾಲ ಮಾಡಿ ಇಟ್ಕೊಂಡಿದೆ ಅಂದ್ರೆ, ಬೆಲೆ 25% ಬಿದ್ರೂ ಸಾಕು, ಕಂಪನಿಯ ಪೂರ್ತಿ ಮಾರುಕಟ್ಟೆ ಬೆಲೆಗಿಂತ ನಷ್ಟವೇ ದೊಡ್ಡದು. ಹೆಲಿಕಾಪ್ಟರಲ್ಲಿ ಬಂದಿಳಿಯೋ ಸಿಇಒ ಜಾನ್ ಟುಲ್ಡ್ (ಜೆರೆಮಿ ಐರನ್ಸ್, ಏನ್ ಆ್ಯಕ್ಟಿಂಗು!) ಕೇಳಿಸ್ಕೊಂಡು ತೀರ್ಮಾನ ಮಾಡ್ತಾನೆ, ಬೆಳಿಗ್ಗೆ ಬೇರೆಯೋರಿಗೆ ವಾಸನೆ ಬರೋದ್ರೊಳಗೆ ಎಲ್ಲಾ ಮಾರ್ಬಿಡಿ ಅಂತ. ಕಸ ಅಂತ ಗೊತ್ತಿದ್ದೂ ತಮ್ಮ ಕಸ್ಟಮರ್‌ಗಳ ತಲೆಗೇ ಕಟ್ಟೋದು.

ನಂಗೆ ಹಿಡಿಸಿದ್ದು ಇಲ್ಲೇ. ಇದು ತಪ್ಪು ಅಂತ ಗೊತ್ತಿಲ್ದೇ ಇರೋರು ಒಬ್ರೂ ಇಲ್ಲ, ಆದ್ರೆ ಪ್ರತಿಯೊಬ್ರಿಗೂ ಒಂದು ರೇಟಿದೆ. ಟ್ರೇಡರ್‌ಗಳಿಗೆ ಹತ್ತು ಲಕ್ಷ ಡಾಲರ್ ಮೀರಿದ ಬೋನಸ್ ಆಸೆ ತೋರಿಸ್ತಾರೆ, ಅವರ ಬಾಸ್ ವಿಲ್ (ಪಾಲ್ ಬೆಟನಿ) ಹೋದ ವರ್ಷ ಬಂದ 25 ಲಕ್ಷ ಡಾಲರ್ ಎಲ್ಲೆಲ್ಲಿ ಹೋಯ್ತು ಅಂತ ಟ್ಯಾಕ್ಸು, ಮನೆ, ಕಾರು, ಅಪ್ಪ-ಅಮ್ಮಂಗೆ ಕೊಟ್ಟಿದ್ದು ಎಲ್ಲಾ ಒಪ್ಪಿಸ್ತಾನೆ, ಇನ್ನು ಮನಸ್ಸಾಕ್ಷಿ ಅಂತ ರಾತ್ರಿಯೆಲ್ಲಾ ಒದ್ದಾಡಿದ, ವಿಲ್‌ಗೂ ಮೇಲಿನ ಬಾಸ್ ಸ್ಯಾಮ್ (ಕೆವಿನ್ ಸ್ಪೇಸಿ) ಕೊನೆಗೆ ಉಳ್ಕೊಳ್ಳೋದೂ ದುಡ್ಡು ಬೇಕಾಗಿರೋದಕ್ಕೇ, ಬಾಯ್ಬಿಟ್ಟೇ ಹೇಳ್ತಾನೆ. ಲಿಫ್ಟಲ್ಲೊಂದು ಸೀನಿದೆ, ಇಬ್ರು ದೊಡ್ಡ ಆಫೀಸರ್‌ಗಳು ತಮ್ಮ ಕುತ್ತಿಗೆ ಉಳಿಸ್ಕೊಳ್ಳೋ ಮಾತಾಡ್ತಿರ್ತಾರೆ, ಇಬ್ಬರ ಮಧ್ಯ ಕ್ಲೀನಿಂಗ್ ಹೆಂಗಸು ನಿಂತಿದ್ರೂ ಅವಳು ಅಲ್ಲಿ ಇದಾಳೆ ಅನ್ನೋ ಖಬರೇ ಇಲ್ಲ.

ಡೈರೆಕ್ಟರ್ ಜೆ.ಸಿ. ಚಾಂಡೋರ್‌ಗೆ ಇದು ಮೊದಲನೇ ಫೀಚರ್ ಸಿನಿಮಾ. ಅವರಪ್ಪ ಮೆರಿಲ್ ಲಿಂಚ್ ಅನ್ನೋ ವಾಲ್ ಸ್ಟ್ರೀಟ್ ಕಂಪನೀಲಿ ದಶಕಗಟ್ಲೆ ಕೆಲಸ ಮಾಡಿದೋರು, ಹಾಗಾಗಿ ಒಳಗಿನೋರು ಮಾತಾಡೋ ಧಾಟಿ ಎಲ್ಲೂ ತಪ್ಪಲ್ಲ. ಸ್ಕ್ರೀನ್‌ಪ್ಲೇಗೆ ಆಸ್ಕರ್ ನಾಮಿನೇಶನ್ನೂ ಸಿಕ್ತು.

ಕೊರತೆ ಇಲ್ಲ ಅಂತಲ್ಲ. ಆ ಲಿಫ್ಟಿನ ಆಫೀಸರ್‌ಗಳಲ್ಲಿ ಒಬ್ಳಾಗಿರೋ ಡೆಮಿ ಮೂರ್‌ಗೆ ಜಾಸ್ತಿ ಕೆಲಸಾನೇ ಕೊಟ್ಟಿಲ್ಲ. ಸ್ಯಾಮ್‌ನ ಸಾಯ್ತಿರೋ ನಾಯಿ ಟ್ರ್ಯಾಕು ನಂಗೆ ಸ್ವಲ್ಪ ಓವರ್ ಅನ್ನಿಸ್ತು, ಇಷ್ಟು ಜನರ ಬದುಕು ಮುಳುಗ್ತಿರುವಾಗ ನಾಯಿಗೆ ಅಳ್ತಾನೆ ಅನ್ನೋದೇ ಪಾಯಿಂಟು, ಆದ್ರೂ ಅಷ್ಟು ಎಳೀಬೇಕಿರ್ಲಿಲ್ಲ. ಈ ಕ್ರೈಸಿಸ್ಸಲ್ಲಿ ಮನೆ ಕಳ್ಕೊಂಡು ಬೀದಿಗೆ ಬಿದ್ದೋರು ತೆರೆ ಮೇಲೆ ಬರೋದೇ ಇಲ್ಲ, ಅವರ ಕಥೆ ಬೇಕು ಅನ್ನೋರಿಗೆ ಇದು ಆಗಿಬರಲ್ಲ. ಉಳಿದೋರು ಸಬ್‌ಟೈಟಲ್ ಹಾಕ್ಕೊಂಡು, ಫೋನ್ ದೂರ ಇಟ್ಟು ನೋಡಿ, ಒಂದು ಮಾತು ತಪ್ಪಿದ್ರೂ ಮುಂದಿನ ಸೀನ್ ಕೈಕೊಡುತ್ತೆ.